ಪಟ್ಟಿ ಇತ್ತು, ಪುರಾವೆ ಇರಲಿಲ್ಲ

"ಯುದ್ಧದ ಟೈಮಲ್ಲಿ ಅನುಮಾನ ಬಂದೋರನ್ನ ಒಳಗೆ ಹಾಕೋದು ಮಾಮೂಲಿ ಬಿಡಿ, ದೇಶ ಮೊದಲು" ಅಂದ್ರು ಗೆಳೆಯರೊಬ್ಬರು. ಅವರಿಗಾಗಿ ಒಂದು ಹಡಗಿನ ಕತೆ ಹೇಳ್ತೀನಿ.

1940ರ ಜೂನ್ 10. ಬ್ರಿಟನ್ ಮೇಲೆ ಯುದ್ಧ ಸಾರಿದ್ದು ಮುಸೊಲಿನಿ. ಆದರೆ ಪೊಲೀಸರು ಬಾಗಿಲು ಬಡಿದಿದ್ದು ಲಂಡನ್, ಗ್ಲಾಸ್ಗೋ, ವೇಲ್ಸ್‌ನ ಬಡಪಾಯಿ ಇಟಾಲಿಯನ್ನರ ಮನೆಗಳನ್ನ. ಐಸ್‌ಕ್ರೀಂ ಮಾರೋರು, ಕೆಫೆ ನಡೆಸೋರು, ಹೋಟೆಲ್ ಮಾಣಿಗಳು. ಎಷ್ಟೋ ಜನ ದಶಕಗಳಿಂದ ಅಲ್ಲೇ ದುಡಿದೋರು. ಕೆಲವರ ಮಕ್ಕಳು ಬ್ರಿಟಿಷ್ ಸೈನ್ಯದಲ್ಲೇ ಇದ್ದರು. ಕೋರ್ಟಿಲ್ಲ, ಚಾರ್ಜ್‌ಶೀಟಿಲ್ಲ. ಇದ್ದದ್ದು ಗುಪ್ತಚರರ ಒಂದು ಪಟ್ಟಿ.

ಜುಲೈ 1ರಂದು ಅರಾಂಡೋರಾ ಸ್ಟಾರ್ ಅನ್ನೋ ಹಡಗು ಲಿವರ್‌ಪೂಲ್‌ನಿಂದ ಕೆನಡಾ ಕಡೆ ಹೊರಟಿತು. ಅದರಲ್ಲಿ 700ಕ್ಕೂ ಹೆಚ್ಚು ಇಟಾಲಿಯನ್ನರು, ಜೊತೆಗೆ ಜರ್ಮನ್ನರು, ಆಸ್ಟ್ರಿಯನ್ನರು. ಡೆಕ್ ಮೇಲೆ ಮುಳ್ಳುತಂತಿ. ಕಾವಲಿಗೆ ಇನ್ನೊಂದು ಹಡಗಿಲ್ಲ. ಮರುದಿನ ಬೆಳಿಗ್ಗೆ ಜರ್ಮನ್ ಸಬ್‌ಮರೀನಿನ ಟಾರ್ಪಿಡೊ ಬಡಿಯಿತು. 800ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ 440ಕ್ಕೂ ಹೆಚ್ಚು ಇಟಾಲಿಯನ್ನರು. ವಾರಗಟ್ಟಲೆ ಐರ್ಲೆಂಡ್, ಸ್ಕಾಟ್ಲೆಂಡ್ ದಡಕ್ಕೆ ಹೆಣಗಳು ತೇಲಿ ಬಂದವು.

ಸತ್ತವರಲ್ಲಿ ಡೆಚೊ ಅಂಜಾನಿ ಒಬ್ಬರು. ಲಂಡನ್ನಿನ ದರ್ಜಿ. ಮುಸೊಲಿನಿಯ ಫ್ಯಾಸಿಸಂ ವಿರುದ್ಧ ವರ್ಷಾನುಗಟ್ಟಲೆ ಸಂಘಟನೆ ಮಾಡಿದವರು. ಅವರ ಹೆಸರೂ "ಅಪಾಯಕಾರಿ" ಪಟ್ಟಿಯಲ್ಲಿತ್ತು! ಬದುಕುಳಿದವರ ಗತಿ? ಹತ್ತು ದಿನದೊಳಗೆ ಅವರಲ್ಲಿ ಅನೇಕರನ್ನ ಡ್ಯುನೇರಾ ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಹೆಂಡತಿ ಮಕ್ಕಳಿಂದ ಭೂಮಿಯ ಇನ್ನೊಂದು ತುದಿಗೆ.

ನಮಗಿದು ಹೊಸದಾ? ಇದೇ ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಇಡೀ ಸಮುದಾಯಗಳನ್ನ ಹುಟ್ಟುಗಳ್ಳರು ಅಂದರು. ಜಾತಿಕಸುಬು ಅಪ್ಪನಿಂದ ಮಗನಿಗೆ ಬರೋ ಹಾಗೆ ಅಪರಾಧವೂ ಬರುತ್ತೆ ಅನ್ನೋದು ಅವರ ವಾದ. ಆ ಪಾಠ ಕಲಿಯೋಕೆ ಮನುವಾದ ಇಲ್ಲೇ ರೆಡಿ ಇತ್ತು. ಹುಬ್ಬಳ್ಳಿ, ಗದಗದ ಸೆಟ್ಲಮೆಂಟುಗಳಲ್ಲಿ ನಮ್ಮ ಅಲೆಮಾರಿ ಬಂಧುಗಳನ್ನ ಕೂಡಿಹಾಕಿ ದಿನಾ ಹಾಜರಿ ತಗೊಂಡರು.

ಬರೀ ಬಿಳಿಯರನ್ನ ಬೈದು ಕೈತೊಳೆದುಕೊಳ್ಳೋ ಹಾಗೂ ಇಲ್ಲ. 1962ರಲ್ಲಿ ಸ್ವತಂತ್ರ ಭಾರತ ಚೀನೀ ಮೂಲದ ಸುಮಾರು 3000 ಜನರನ್ನ ರಾಜಸ್ಥಾನದ ದೇವಲಿ ಕ್ಯಾಂಪಿಗೆ ತಳ್ಳಿತು. ಡಾರ್ಜಿಲಿಂಗ್, ಅಸ್ಸಾಮಿನಿಂದ ದಿನಗಟ್ಟಲೆ ರೈಲಲ್ಲಿ. ಅವರಲ್ಲಿ ಮುದುಕರಿದ್ದರು, ಮಕ್ಕಳಿದ್ದರು, ಇಲ್ಲೇ ಹುಟ್ಟಿದವರಿದ್ದರು.

ಗೆಳೆಯರೇ, ಮಾಡಿದ್ದಕ್ಕೆ ಶಿಕ್ಷೆ ಕೊಟ್ಟರೆ ಕಾನೂನು. ಹುಟ್ಟಿದ್ದಕ್ಕೆ ಶಿಕ್ಷೆ ಕೊಟ್ಟರೆ ಅದು ಅಸ್ಪೃಶ್ಯತೆ, ಯಾವ ದೇಶದಲ್ಲಿ ನಡೆದರೂ. "ದೇಶ ಮೊದಲು" ಅನ್ನೋ ಮುಂಚೆ ಕೇಳಿ: ಪಟ್ಟಿ ಬರೆದವರು ಯಾರು? ಪುರಾವೆ ಎಲ್ಲಿ? ಇವತ್ತು ಇನ್ನೊಬ್ಬರ ಹೆಸರು ಬಂದಾಗ ಕೇಳದಿದ್ರೆ, ನಾಳೆ ನಮ್ಮ ಹೆಸರು ಬಂದಾಗ ಕೇಳೋರು ಯಾರೂ ಇರಲ್ಲ.

ಜೈ ಭೀಮ್.