ಸೀರೆಗೆ ಕಂಚಿ ಹೆಸರು, ನೂಲಿಗೆ ಯಾವ ಊರು?

ಶಿಡ್ಲಘಟ್ಟದ ನೂಲಿನಲ್ಲಿ ನೇಯ್ದ ಕಂಚಿ ಸೀರೆಯ ಮೇಲೆ ಶಿಡ್ಲಘಟ್ಟದ ಹೆಸರೂ ಇರಬೇಕು ಎನ್ನುವುದು ನನ್ನ ವಾದ. ಒಪ್ಪದವರು ಹೇಳುವ ಮಾತುಗಳಿಗೆ ಇಲ್ಲಿ ಉತ್ತರಿಸುತ್ತಿದ್ದೇನೆ.

‘ನೂಲು ಬರೀ ಕಚ್ಚಾಮಾಲು, ಹೆಸರು ನೇಯ್ದವರದು’ ಎನ್ನುತ್ತಾರೆ. ಮಂಡಿಕಲ್ ಕಡೆಯ ರೈತ ಕೊಳವೆಬಾವಿಯ ನೀರಲ್ಲಿ ಹಿಪ್ಪುನೇರಳೆ ಬೆಳೆದು, ನಿದ್ದೆಗೆಟ್ಟು ಹುಳು ಮೇಯಿಸಿ, ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ತರುತ್ತಾನೆ. ಅದನ್ನು ಬೇಯಿಸಿ, ಬಿಸಿನೀರಲ್ಲಿ ಕೈಯಿಟ್ಟು ಎಳೆಯ ತುದಿ ಹುಡುಕಿ, ಹಲವು ಗೂಡುಗಳ ಎಳೆ ಕೂಡಿಸಿ ಒಂದು ನೂಲು ತೆಗೆಯುವವರು ರೀಲರುಗಳು. ಮಿಶ್ರತಳಿಯ ಏಳೆಂಟು ಕೆಜಿ ಗೂಡಿಗೆ ಸಿಗುವುದು ಸುಮಾರು 1 ಕೆಜಿ ನೂಲು. ಅದು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದರೆ ಮಗ್ಗದ ಮೇಲೆ ಸೀರೆಯೇ ಕೆಡುತ್ತದೆ. ಅಂಚನ್ನೂ ಒಡಲನ್ನೂ ಬೆಸೆಯುವ ಕಂಚಿ ನೇಕಾರರ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಆದರೆ ಜರಿ ಸೂರತ್ತಿನದು ಎಂದು ಹೆಮ್ಮೆಯಿಂದ ಹೇಳುವ ಅಂಗಡಿಯವರು ನೂಲಿನ ಊರನ್ನು ಯಾಕೆ ಹೇಳುವುದಿಲ್ಲ?

‘ಸಿಲ್ಕ್ ಮಾರ್ಕ್ ಇದೆಯಲ್ಲ.’ 2004ರಲ್ಲಿ ಬಂದ ಆ ಗುರುತು ರೇಷ್ಮೆ ಶುದ್ಧವೆಂದು ಹೇಳುತ್ತದೆ, ಯಾರು ತೆಗೆದದ್ದೆಂದು ಹೇಳುವುದಿಲ್ಲ. ಮೈಸೂರು ಸಿಲ್ಕಿನ ಮಾತು ಬೇರೆ. ಅದನ್ನು ನೇಯುವ 1912ರ ಕಾರ್ಖಾನೆಗೆ ತಿ. ನರಸೀಪುರದಲ್ಲಿ ತನ್ನದೇ ಫಿಲೇಚರ್, ಅಂದರೆ ನೂಲು ತೆಗೆಯುವ ಘಟಕ, ಇದೆ. ಅಲ್ಲಿ ಹೆಸರೂ ಕೆಲಸವೂ ಒಂದೇ ಮನೆಯವು, ನನಗೆ ತಕರಾರಿಲ್ಲ.

‘ಪ್ರಪಂಚದಲ್ಲೆಲ್ಲ ಇದೇ ರೀತಿ’ ಎನ್ನುವವರಿಗೆ ಜಪಾನಿನ ಗಿಟಾರುಗಳ ಕಥೆ ಹೇಳಬೇಕು. ಇಬಾನೆಜ್ ಎಂಬುದು ಸ್ಪೇನಿನ ಒಬ್ಬ ಗಿಟಾರ್ ಕುಶಲಕರ್ಮಿಯ ಹೆಸರು. ಅದನ್ನು ಬಳಸಿದ್ದು ನಗೋಯಾದ ಹೊಶಿನೊ ಗಕ್ಕಿ ಎಂಬ ವ್ಯಾಪಾರ ಸಂಸ್ಥೆ. 1970ರ ದಶಕದಲ್ಲಿ ಆ ವಿದ್ಯುತ್ ಗಿಟಾರುಗಳನ್ನು ಮಾಡಿದ್ದು 1960ರಲ್ಲಿ ಮತ್ಸುಮೊಟೊದಲ್ಲಿ ಹುಟ್ಟಿದ ಫುಜಿಗೆನ್. ಬೇರೊಬ್ಬ ವರ್ತಕರ ಗ್ರೆಕೊ ಗಿಟಾರುಗಳನ್ನೂ ಅದೇ ಕಾರ್ಖಾನೆ ಮಾಡಿತು. 1982ರಲ್ಲಿ ಫೆಂಡರ್ ಜಪಾನ್ ಶುರುವಾದಾಗಲೂ ಕೆಲಸ ಅಲ್ಲಿಗೇ ಹೋಯಿತು. ಇವತ್ತು ಹಳೆಯ ಗಿಟಾರ್ ಕೊಳ್ಳುವವರು ತಲೆಯ ಮೇಲಿನ ಹೆಸರಿಗೆ ನಿಲ್ಲದೆ, ಹಿಂದೆ ತಿರುಗಿಸಿ ಕ್ರಮಸಂಖ್ಯೆ ನೋಡಿ, ಯಾವ ಕಾರ್ಖಾನೆಯದೆಂದು ಕೇಳುತ್ತಾರೆ. ಫುಜಿಗೆನ್ ಈಗ ಸ್ವಂತ ಹೆಸರಲ್ಲೂ ಮಾರುತ್ತದೆ. ಮತ್ಸುಮೊಟೊ ಇರುವ ನಗಾನೊ ಪ್ರಾಂತ್ಯ ಒಂದು ಕಾಲದಲ್ಲಿ ರೇಷ್ಮೆ ನೂಲಿಗೇ ಹೆಸರಾಗಿತ್ತು ಎಂಬುದು ರೇಷ್ಮೆ ಸೀಮೆಯವನಾದ ನನ್ನ ಮನಸ್ಸಿಗೆ ತಟ್ಟುವ ಸಂಗತಿ.

‘ರೀಲರುಗಳೇ ಸೀರೆ ನೇಯಿಸಿ ಬ್ರ್ಯಾಂಡ್ ಕಟ್ಟಲಿ’ ಎನ್ನುವುದು ಸುಲಭ. ಇವತ್ತಿನ ನೂಲು ಮಾರಿದ ದುಡ್ಡಲ್ಲಿ ನಾಳಿನ ಗೂಡು ಕೊಳ್ಳುವ ಸಣ್ಣ ರೀಲರಿಗೆ ಆ ಬಂಡವಾಳ ಎಲ್ಲಿಂದ ಬರಬೇಕು?

‘ಲಾಟುಗಳು ಬೆರೆಯುತ್ತವೆ, ಮೂಲ ಪತ್ತೆಯಾಗದು’ ಎಂಬ ಕೊನೆಯ ಮಾತಿನಲ್ಲಿ ಅರ್ಧ ನಿಜವಿದೆ. ಒಬ್ಬ ರೈತನ ಗೂಡನ್ನು ಸೀರೆಯಲ್ಲಿ ಗುರುತಿಸಲಾಗದು. ಆದರೆ ಮಾರುಕಟ್ಟೆಯಲ್ಲಿ ಪ್ರತಿ ಲಾಟಿಗೂ ಸಂಖ್ಯೆಯಿದೆ, ತೂಕದ ಚೀಟಿಯಿದೆ, ಹರಾಜಿನಲ್ಲಿ ಕೊಂಡವರ ದಾಖಲೆಯಿದೆ. ರೀಲರು ನೂಲು ಮಾರುವಾಗ ಊರಿನ ಚೀಟಿ ಕಟ್ಟಿ ಕೊಡಲಿ, ನೇಯಿಸುವವರು ಅದನ್ನು ಅಂಗಡಿಯವರೆಗೂ ಉಳಿಸಲಿ. ನಾನು ಕೇಳುತ್ತಿರುವುದು ಪೆಟ್ಟಿಗೆಯ ಮೇಲೆ ಒಂದು ಸಾಲು: ನೇಯ್ಗೆ ಕಾಂಚೀಪುರ, ನೂಲು ಶಿಡ್ಲಘಟ್ಟ.