ಕೊಳ್ಳುವುದು ಸುಲಭ, ಸಾಕುವುದು ಕಷ್ಟ

ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲದಲ್ಲಿ ನಮ್ಮ ಪಾಪಿನಾಯಕನಹಳ್ಳಿಯ ಕೆಂಪು ದೂಳಿನ ನಡುವೆಯೇ ಐಷಾರಾಮಿ ಕಾರುಗಳು ಓಡಾಡಿದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಆದಾಯ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ.

ಈಗ ನನ್ನ ಓರಗೆಯವರು ಕೆಲಸ ಸಿಗುವ ಮೊದಲೇ ಮೊಬೈಲಿನಲ್ಲಿ ಹಳೆಯ ಬೆಂಜ್, ಆಡಿಗಳ ಬೆಲೆ ನೋಡುತ್ತಾರೆ. ‘ಹೊಸ ಸಣ್ಣ ಕಾರಿನ ದುಡ್ಡಿಗೇ ಸಿಗುತ್ತಲ್ಲ’ ಎನ್ನುತ್ತಾರೆ. ಆಸೆ ತಪ್ಪಲ್ಲ, ಲೆಕ್ಕ ತಪ್ಪು. ವಿಮೆಯ ಲೆಕ್ಕದಲ್ಲಿ 4 ವರ್ಷ ದಾಟಿದ ಕಾರಿನ ಮೌಲ್ಯ ಅರ್ಧಕ್ಕೆ ಇಳಿಯುತ್ತದೆ. ಅದರ ಟೈರು, ಬ್ರೇಕ್ ಪ್ಯಾಡ್, ಸಸ್ಪೆನ್ಷನ್‌ಗಳ ಬೆಲೆ ಇಳಿಯುವುದಿಲ್ಲ. ನಮ್ಮೂರ ದೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅದಿರು ಲಾರಿಗಳು ಓಡಿ ಗುಂಡಿಬಿದ್ದ ರಸ್ತೆಯಲ್ಲಿ ತಗ್ಗು ಕಾರಿನ ತಳ ಉಜ್ಜುತ್ತದೆ. ಹೊಸದೇ ಬೇಕೆಂದರೆ, ರಾಜ್ಯದಲ್ಲಿ 20 ಲಕ್ಷ ರೂಪಾಯಿ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 18. ಅಂದರೆ 60 ಲಕ್ಷದ ಕಾರಿಗೆ 10.8 ಲಕ್ಷ, ಸೆಸ್ ಬೇರೆ.

ಗೆಳೆಯರೇ, ಗಣಿ, ಕಾರ್ಖಾನೆಗಳ ಗುತ್ತಿಗೆ ಕೆಲಸ ಎಂದು ನಿಲ್ಲುತ್ತದೋ ಹೇಳಲಾಗದು. ಆದ್ದರಿಂದ ‘ಕಂತು ಕಟ್ಟಬಲ್ಲೆನೇ’ ಎಂದು ಕೇಳಿಕೊಂಡರೆ ಸಾಲದು. ಆರು ತಿಂಗಳು ಸಂಬಳವಿಲ್ಲದೆಯೂ ಈ ಕಾರನ್ನು ಸಾಕಬಲ್ಲೆನೇ? ಹೌದು ಎನ್ನುವವರು ಖಂಡಿತ ಕೊಳ್ಳಲಿ. ಉಳಿದವರಿಗೆ ಸದ್ಯಕ್ಕೆ ಬಸ್ ಪಾಸ್ ಅವಮಾನವೇನಲ್ಲ.