ಹೊಲದ ಬದುವಿನಿಂದ ವಿಮಾನದ ಹೊಟ್ಟೆಯವರೆಗೆ

ಹಾಸನದ ಬೂವನಹಳ್ಳಿಯ ವಿಮಾನ ನಿಲ್ದಾಣದ ಯೋಜನೆ 2007ರ ಆಸುಪಾಸಿನಿಂದಲೂ ಜಿಲ್ಲೆಯ ಜನರ ಮಾತಿನಲ್ಲಿದ್ದು, ಕೆಲಸ ನಿಂತಾಗ ಬೇಸರವನ್ನೂ ಮತ್ತೆ ಚಾಲನೆ ಪಡೆದಾಗ ಉತ್ಸಾಹವನ್ನೂ ಹುಟ್ಟಿಸುತ್ತ ಬಂದಿದೆ. ಚರ್ಚೆ ಬಹುಪಾಲು ಪ್ರಯಾಣಿಕರ ಸುತ್ತಲೇ ನಡೆಯುತ್ತದೆ. ಸರಕಿನ ಪ್ರಸ್ತಾಪ ಬಂದರೂ, ರನ್‌ವೇ ಸಿದ್ಧವಾದೊಡನೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬೆಳೆ ಹೊರದೇಶಕ್ಕೆ ಹಾರುತ್ತದೆ ಎಂಬ ಒಂದು ಸಾಲಿನ ಭರವಸೆಯಲ್ಲಿ ಅದು ಮುಗಿದುಹೋಗುತ್ತದೆ. ಈ ಭರವಸೆಯಲ್ಲಿ ಕೆಲಸದ ಕ್ರಮವೇ ತಲೆಕೆಳಗಾಗಿದೆ. ಕೊಯ್ಲಾದ ಹೊಲದ ಬದುವಿನಲ್ಲಿ ಆರಂಭವಾಗಬೇಕಾದ ವ್ಯವಸ್ಥೆಯೊಂದಕ್ಕೆ ರನ್‌ವೇ ಕೊನೆಯ ಮೆಟ್ಟಿಲು ಮಾತ್ರ, ಮತ್ತು ಇದನ್ನು ಮನಗಾಣಿಸುವ ಅನುಭವವೊಂದು ಇದೇ ಜಿಲ್ಲೆಯ ಹೇಮಾವತಿ ನದಿಯ ದಂಡೆಯ ವ್ಯಕ್ತಿಯೊಬ್ಬರ ಸಾಹಸದ ಚರಿತ್ರೆಯಲ್ಲಿದೆ.

ವಿಮಾನದಲ್ಲಿ ಸರಕು ಹೋಗುವುದು ಎರಡು ಬಗೆಯಲ್ಲಿ. ಮೊದಲನೆಯದರಲ್ಲಿ ಪ್ರಯಾಣಿಕರು ಕುಳಿತ ನೆಲಹಾಸಿನ ಕೆಳಗಿನ ಜಾಗದಲ್ಲಿ, ಅಂದರೆ ಈ ಉದ್ಯಮದವರು ವಿಮಾನದ ಹೊಟ್ಟೆ ಎಂದು ಕರೆಯುವ ಭಾಗದಲ್ಲಿ, ಪೆಟ್ಟಿಗೆಗಳನ್ನು ತುಂಬಲಾಗುತ್ತದೆ. ಎರಡನೆಯದರಲ್ಲಿ ಆಸನಗಳೇ ಇಲ್ಲದ, ಸರಕಿಗೆಂದೇ ಮೀಸಲಾದ ವಿಮಾನ ಹಾರುತ್ತದೆ. ಜಗತ್ತಿನ ವ್ಯಾಪಾರದಲ್ಲಿ ವಿಮಾನವೇರುವ ಸರಕು ಪ್ರಮಾಣದಲ್ಲಿ ಶೇ. 1ಕ್ಕಿಂತ ಕಡಿಮೆಯಾದರೂ ಮೌಲ್ಯದಲ್ಲಿ ಸುಮಾರು ಮೂರನೇ ಒಂದು ಪಾಲಿನಷ್ಟಿರುವುದಕ್ಕೆ ಕಾರಣ, ದುಬಾರಿ ಬಾಡಿಗೆಯನ್ನು ತಾಳಿಕೊಳ್ಳುವ ಔಷಧಿ, ಎಲೆಕ್ಟ್ರಾನಿಕ್ ಉಪಕರಣ, ಯಂತ್ರದ ಬಿಡಿಭಾಗಗಳಂಥ ವಸ್ತುಗಳೂ, ಒಂದೆರಡು ದಿನದಲ್ಲಿ ಬಾಡಿಹೋಗುವ ಹೂವು ತರಕಾರಿಗಳೂ ಮಾತ್ರ ಅಲ್ಲಿಗೆ ಬರುತ್ತವೆ ಎಂಬುದು. ಬಾಡಿಗೆಯ ಲೆಕ್ಕವೂ ಬೇರೆಯೇ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿದರೆ ಬರುವ ಗಾತ್ರತೂಕವನ್ನು ನಿಜತೂಕದೊಡನೆ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ಹಣ ಪಡೆಯಲಾಗುತ್ತದೆ. ಹೀಗಾಗಿ 60, 50, 40 ಸೆಂಟಿಮೀಟರ್ ಅಳತೆಯ ಹೂವಿನ ಪೆಟ್ಟಿಗೆ ತಕ್ಕಡಿಯಲ್ಲಿ 8 ಕಿಲೋ ತೂಗಿದರೂ ಬೆಳೆಗಾರ ತೆರಬೇಕಾದದ್ದು 20 ಕಿಲೋದ ಬಾಡಿಗೆ.

ಹೇಮಾವತಿ ದಂಡೆಯ ಆ ವ್ಯಕ್ತಿ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಅವರ ಹೆಸರು ಅಗ್ಗದ ದರದ ಏರ್ ಡೆಕ್ಕನ್‌ನಿಂದಾಗಿ ಮನೆಮಾತಾಗಿದೆ. ಹೇಮಾವತಿ ಅಣೆಕಟ್ಟೆಯಲ್ಲಿ ಪಿತ್ರಾರ್ಜಿತ ಜಮೀನು ಮುಳುಗಿ, ಬದಲಿಗೆ ಜಾವಗಲ್ ಬಳಿ ದೊರೆತ ಬರಡು ಭೂಮಿಯಲ್ಲಿ ಬೇಸಾಯಕ್ಕಿಳಿದ ಈ ನಿವೃತ್ತ ಸೇನಾಧಿಕಾರಿ 1997ರಲ್ಲಿ ಹೆಲಿಕಾಪ್ಟರ್ ಸಂಸ್ಥೆಯನ್ನೂ 2003ರಲ್ಲಿ ಏರ್ ಡೆಕ್ಕನ್ನನ್ನೂ ಕಟ್ಟಿದರು. ಹುಬ್ಬಳ್ಳಿಯಂಥ ಊರುಗಳನ್ನು ವಿಮಾನದ ನಕ್ಷೆಗೆ ಮತ್ತೆ ತಂದ ಆ ಕೆಲಸವನ್ನು ನಾಡು ಚೆನ್ನಾಗಿಯೇ ನೆನೆಯುತ್ತದೆ. 2007ರಲ್ಲಿ ಏರ್ ಡೆಕ್ಕನ್ನಿನ ದೊಡ್ಡ ಪಾಲು ಯುಬಿ ಸಮೂಹದ ಕೈಸೇರಿದ ನಂತರ ಅವರು ಸರಕಿನತ್ತ ಹೊರಳಿ 2009ರಲ್ಲಿ ಆರಂಭಿಸಿದ ಡೆಕ್ಕನ್ 360 ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈ ಸೀಮೆಯ ರೈತರಿಗೆ ಹೆಚ್ಚಿನ ಪಾಠವಿರುವುದು ಆ ಎರಡನೆಯ ಪ್ರಯತ್ನದಲ್ಲೇ.

ಡೆಕ್ಕನ್ 360ರ ಕೇಂದ್ರ ನಾಗಪುರ. ಎಲ್ಲ ಊರುಗಳ ಸರಕನ್ನು ಸಂಜೆ ಒಂದು ನಡುಜಾಗಕ್ಕೆ ತಂದು, ರಾತ್ರಿ ಊರುವಾರು ವಿಂಗಡಿಸಿ, ಬೆಳಗಾಗುವುದರೊಳಗೆ ಮರಳಿ ಹಂಚುವ ಈ ಏರ್ಪಾಡು ಬಂಡಿಯ ಗುಂಬದಿಂದ ಅರೆಕಾಲುಗಳು ಹೊರಟಂತೆ ಇರುತ್ತದೆ. ಅಮೆರಿಕದ ಫೆಡ್ಎಕ್ಸ್ 1973ರ ಏಪ್ರಿಲ್‌ನಲ್ಲಿ ಮೆಂಫಿಸ್ ನಗರದಿಂದ 14 ಸಣ್ಣ ವಿಮಾನಗಳೊಂದಿಗೆ ಇದೇ ಕ್ರಮವನ್ನು ಅನುಸರಿಸಿ ಬೆಳೆಯಿತು. ಭಾರತಕ್ಕೂ ಇದು ಹೊಸದೇನಲ್ಲ: 1949ರಲ್ಲೇ ದೆಹಲಿ, ಮುಂಬೈ, ಕಲ್ಕತ್ತ, ಮದರಾಸುಗಳಿಂದ ಹೊರಟ ಅಂಚೆ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ ಟಪಾಲು ಚೀಲಗಳನ್ನು ಬದಲಾಯಿಸಿಕೊಂಡು ಬೆಳಗಿಗೆ ಊರು ಸೇರುತ್ತಿದ್ದವು. ಆದರೆ ಅಂಚೆಯ ಹಿಂದೆ ಹಳ್ಳಿಹಳ್ಳಿಗೂ ಹಬ್ಬಿದ ಕಚೇರಿಗಳೂ ಓಟದಾಳುಗಳೂ ಇದ್ದರು. ಖಾಸಗಿ ಸಂಸ್ಥೆಯೊಂದು ಏರ್‌ಬಸ್ ಎ310ರಂಥ ದೊಡ್ಡ ವಿಮಾನಗಳ ಜೊತೆಗೆ ನೆಲದ ಮೇಲಿನ ಜಾಲವನ್ನೂ ಹೊಸದಾಗಿ ಹೆಣೆಯಬೇಕಾಯಿತು. ವಿಮಾನ ತುಂಬಲಿ ಬಿಡಲಿ, ಗುತ್ತಿಗೆಯ ಹಣ, ಇಂಧನ, ಸಿಬ್ಬಂದಿಯ ಖರ್ಚು ನಿಲ್ಲುವುದಿಲ್ಲ, ಹೋಗುವಾಗ ತುಂಬಿದ್ದು ಬರುವಾಗ ಖಾಲಿಯಾದರೂ ನಷ್ಟವೇ. 2011ರಲ್ಲಿ ಆ ಸೇವೆ ನಿಂತಿತು. ಇದನ್ನು ಒಬ್ಬ ಉದ್ಯಮಿಯ ಸೋಲೆಂದು ಓದುವುದು ಅನ್ಯಾಯ. ನೆಲದ ಸಿದ್ಧತೆಗೆ ಬೇಕಾದಷ್ಟು ವರ್ಷಗಳನ್ನು ಆಕಾಶದ ಖರ್ಚು ಯಾರಿಗೂ ಕೊಡುವುದಿಲ್ಲ ಎಂಬುದು ಅದರಿಂದ ತಿಳಿಯಬೇಕಾದ ಸಂಗತಿ.

ಈ ಹಿನ್ನೆಲೆಯಲ್ಲಿ ಜಿಲ್ಲೆಯ ಬೆಳೆಗಳನ್ನು ಒಂದೊಂದಾಗಿ ನೋಡಿದರೆ ಬಹುತೇಕ ಯಾವುದಕ್ಕೂ ವಿಮಾನ ಬೇಡ. ಹಾಸನದ ಆಲೂಗೆಡ್ಡೆ ಭಾರ ಹೆಚ್ಚಿನ, ಬೆಲೆ ಕಡಿಮೆಯ ಬೆಳೆ. ಅದರ ಬಿತ್ತನೆಗೆಡ್ಡೆ ಪ್ರತಿ ಮುಂಗಾರಿಗೆ ಮುನ್ನ ಪಂಜಾಬಿನ ಜಲಂಧರ್ ಕಡೆಯಿಂದ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಲಾರಿಯಲ್ಲಿ ಸವೆಸಿ ಎಪಿಎಂಸಿ ಪ್ರಾಂಗಣಕ್ಕೆ ಬರುತ್ತದೆ, ಬಿರುಬೇಸಿಗೆಯ ಆ ಪ್ರಯಾಣದಲ್ಲಿ ಗೆಡ್ಡೆ ಬೆಂದರೆ ಅದರ ಫಲವನ್ನು ಉಣ್ಣುವವನು ಬಿತ್ತುವ ರೈತ. ಮಿಡಿಸೌತೆ ವಿದೇಶಕ್ಕೆ ಹೋಗುವುದು ನಿಜ, ಆದರೆ ಉಪ್ಪುನೀರಿನಲ್ಲಿ ಅಥವಾ ವಿನೆಗರ್‌ನಲ್ಲಿ ನೆನೆದು ತಿಂಗಳುಗಟ್ಟಲೆ ಕೆಡದೆ ಉಳಿಯುವ ಅದಕ್ಕೆ ಹಡಗು ಸಾಕು. ಅರಕಲಗೂಡು ತಾಲೂಕಿನ ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಮಾರಾಟವಾಗುವ ತಂಬಾಕಿನ ಬೇಲು, ಚನ್ನರಾಯಪಟ್ಟಣದ ಕೊಬ್ಬರಿ, ಸಕಲೇಶಪುರದ ಕಾಫಿ ಎಲ್ಲವೂ ಇದೇ ಸಾಲಿನವು.

ಉಳಿಯುವುದು ಹಸಿರು ಮೆಣಸಿನಕಾಯಿ, ಬೆಂಡೆ, ಬೀನ್ಸ್, ನುಗ್ಗೆ, ಸೊಪ್ಪು ಮತ್ತು ಹೂವು. ಕಿತ್ತ ಮೇಲೂ ತರಕಾರಿ ಉಸಿರಾಡುತ್ತಲೇ ಇರುತ್ತದೆ, ಉಷ್ಣತೆ 10 ಡಿಗ್ರಿ ಏರಿದರೆ ಆ ಉಸಿರಾಟದ ವೇಗ ಎರಡು ಮೂರು ಪಟ್ಟಾಗಿ ಅದು ತನ್ನ ಸತ್ವವನ್ನು ತಾನೇ ತಿಂದುಕೊಳ್ಳುತ್ತದೆ. ಆದ್ದರಿಂದ ಹೊಲದ ಬಿಸಿಯನ್ನು ಕೊಯ್ಲಾದ ಕೆಲವೇ ಗಂಟೆಗಳಲ್ಲಿ ಇಳಿಸುವ ಮುಂತಂಪು ಘಟಕವಿಲ್ಲದೆ, ಮಧ್ಯಾಹ್ನದವರೆಗೆ ಮರದಡಿ ರಾಶಿ ಬಿದ್ದು ಟಾರ್ಪಾಲಿನ ಲಾರಿ ಏರಿದ ಬೀನ್ಸನ್ನು ಎಷ್ಟು ವೇಗದ ವಿಮಾನಕ್ಕೆ ತುಂಬಿದರೂ ಕಳೆದುಹೋದ ತಾಜಾತನ ಮರಳದು. ಶುಚಿತ್ವದ ಪ್ರಶ್ನೆಯೂ ಅಷ್ಟೇ ಕಠಿಣವಾದುದು. ಹಣ್ಣುನೊಣದಂಥ ಕೀಟಗಳು ಕಂಡುಬಂದವೆಂದು ಯುರೋಪ್ ಒಕ್ಕೂಟ 2014ರ ಮೇ ತಿಂಗಳಿಂದ ಭಾರತದ ಮಾವು, ಬದನೆ, ಹಾಗಲ, ಪಡವಲ ಮತ್ತು ಕೆಸುವನ್ನು ನಿಷೇಧಿಸಿದಾಗ ಹಾರಾಟದ ಕೊರತೆ ಏನೂ ಇರಲಿಲ್ಲ. ವಿಂಗಡಣೆ, ತಪಾಸಣೆ, ಪೆಟ್ಟಿಗೆ ತುಂಬುವ ಕೆಲಸಗಳು ಒಂದೇ ಸೂರಿನಡಿ ನಡೆಯುವ ಪ್ಯಾಕ್‌ಹೌಸ್‌ಗಳಲ್ಲಿ ಬೇಕಿದ್ದ ಎಚ್ಚರ ಇರಲಿಲ್ಲ.

ಇನ್ನು ವಿಮಾನದ ಮಾತು. ಬೆಳೆಗಾರನಿಗೆ ಬೇಕಾದ ಕೊಲ್ಲಿ ದೇಶಗಳ, ಯುರೋಪಿನ, ಸಿಂಗಾಪುರದ ವಿಮಾನಗಳ ಹೊಟ್ಟೆ ದೇವನಹಳ್ಳಿಯಲ್ಲಿ ದಿನವೂ ತೆರೆಯುತ್ತದೆ. 2008ರಲ್ಲಿ ಆರಂಭವಾದ ಆ ನಿಲ್ದಾಣ ಬೇಗ ಕೆಡುವ ಸರಕಿನ ರಫ್ತಿನಲ್ಲಿ ದೇಶದ ಮುಂಚೂಣಿಗೆ ಬಂದಿದೆ. ಹಾಸನದಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್; ಚನ್ನರಾಯಪಟ್ಟಣದ ಮೇಲೆ ಹಾದುಹೋಗುವ 75ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಶೀತಲ ಲಾರಿಗೆ ಅದು ಒಂದು ಸಂಜೆಯ ಹಾದಿ. ಬೂವನಹಳ್ಳಿಯಿಂದ ಸಣ್ಣ ವಿಮಾನದಲ್ಲಿ ಬೆಂಗಳೂರಿಗೆ ಸರಕು ಕಳುಹಿಸಿ ಅಲ್ಲಿ ಇಳಿಸಿ ಮತ್ತೆ ಏರಿಸುವುದಕ್ಕಿಂತ ಇದು ಅಗ್ಗ, ಬಹುಶಃ ಬೇಗವೂ ಹೌದು. ಕೃಷಿ ಉತ್ಪನ್ನಗಳ ವಿಮಾನ ಸಾಗಣೆಗೆಂದು 2020ರ ಕೇಂದ್ರ ಬಜೆಟ್ಟಿನಲ್ಲಿ ಪ್ರಕಟವಾದ ಕೃಷಿ ಉಡಾನ್ ಯೋಜನೆಯ ಹೆಸರಿನಲ್ಲಿ ಹಾಸನಕ್ಕೆ ಏನನ್ನಾದರೂ ಕೇಳುವುದಿದ್ದರೆ ಜಿಲ್ಲೆಯ ಪ್ರತಿನಿಧಿಗಳು ಮೊದಲು ಕೇಳಬೇಕಾದದ್ದು ಹೊಳೆನರಸೀಪುರದ ನಾಲೆಬಯಲಿನಲ್ಲಿ ಒಂದು ಮುಂತಂಪು ಘಟಕ, ಹೆದ್ದಾರಿಯ ಮಗ್ಗುಲಲ್ಲೇ ಚನ್ನರಾಯಪಟ್ಟಣದಲ್ಲಿ ಕೇಂದ್ರದ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾದ ಮಾನ್ಯತೆಯ ಒಂದು ಪ್ಯಾಕ್‌ಹೌಸ್, ಅಲ್ಲಿಯೇ ಸಸ್ಯ ಆರೋಗ್ಯ ಪ್ರಮಾಣಪತ್ರ ಕೊಡಬಲ್ಲ ಅಧಿಕಾರಿ, ಮತ್ತು ರೈತ ಉತ್ಪಾದಕ ಸಂಘಗಳು ಪಾಲಿನ ಮೇಲೆ ಬಳಸಬಹುದಾದ ಕೆಲವು ಶೀತಲ ಲಾರಿಗಳು. ಬೂವನಹಳ್ಳಿಯ ರನ್‌ವೇಯಿಂದ ಮುಂದೊಂದು ದಿನ ಸರಕಿನ ವಿಮಾನ ಏರುವುದಾದರೂ, ಅದಕ್ಕೆ ತುಂಬುವ ಪೆಟ್ಟಿಗೆಗಳು ಇದೇ ಪ್ಯಾಕ್‌ಹೌಸಿನಿಂದ ಬರಬೇಕು.